ಮಗಳಿಗೆ ಶಿವಮೊಗ್ಗದ ಹುಡುಗಿಯರ ಶಾಲೆ, ಮಗನಿಗೆ ಹತ್ತಿರದ ಶಾಲೆ: ಇದು ಸರಿನಾ?

ತುಂಗಾತೀರದ ಅಮ್ಮ
ನಮ್ಮದು ಮಂಡಗದ್ದೆ ಹತ್ತಿರ ಒಂದು ಹಳ್ಳಿ. ಮಗ, ಮಗಳು ಅವಳಿ. ಇಬ್ಬರೂ ಈ ವರ್ಷ 7ನೇ ತರಗತಿ ಮುಗಿಸುತ್ತಾರೆ. ಊರ ಶಾಲೆ ಇರುವುದು ಅಲ್ಲಿಯವರೆಗೆ ಮಾತ್ರ. ಮುಂದೆ ಎಲ್ಲಿ ಅನ್ನುವುದೇ ಈಗ ಮನೆಯಲ್ಲಿ ಜಗಳ. ಅತ್ತೆ ಮತ್ತು ಭಾವನ ಹಟ ಏನೆಂದರೆ, ಮಗಳನ್ನು ಶಿವಮೊಗ್ಗದ ಹುಡುಗಿಯರ ಹೈಸ್ಕೂಲಿಗೆ ಹಾಕಬೇಕು, ನನ್ನ ನಾದಿನಿ ಮನೆಯಲ್ಲಿ ಇಡಬೇಕು. ಮಗ ಮಾತ್ರ ಇಲ್ಲೇ ಬಸ್ಸಲ್ಲಿ ಹೋಗಿ ಬರುವ ಹೈಸ್ಕೂಲಿಗೆ. ಅದು ಹುಡುಗರು ಹುಡುಗಿಯರು ಇಬ್ಬರೂ ಇರುವ ಕೋ-ಎಡ್ ಶಾಲೆ. ನಮ್ಮ ಯಜಮಾನರು ಯಾವ ಕಡೆಗೂ ಬಾಯಿ ಬಿಡುತ್ತಿಲ್ಲ. ಮಗಳು ದಿನಾ ಕೇಳುತ್ತಾಳೆ, "ಅವನು ಮನೇಲೇ ಇರ್ತಾನೆ, ನಾನ್ಯಾಕೆ ಅತ್ತೆ ಮನೆಗೆ ಹೋಗ್ಬೇಕು?"

ನನಗೆ ಗೊತ್ತಾಗಬೇಕಿರುವುದು ಇಷ್ಟೇ. ಹುಡುಗಿಯರದ್ದೇ ಶಾಲೆಯಲ್ಲಿ ಓದಿದರೆ ನಿಜವಾಗಲೂ ಚೆನ್ನಾಗಿ ಓದುತ್ತಾರಾ? ಓದಿದವರು, ಮಕ್ಕಳನ್ನು ಓದಿಸಿದವರು ಹೇಳಿ.

ಗೋಪಾಳದ ಹುಡುಗಿ
ಧೈರ್ಯವಾಗಿ ಹಾಕಿ ಅಕ್ಕಾ. ನಾನು 8ರಿಂದ ದ್ವಿತೀಯ ಪಿಯುಸಿವರೆಗೆ ಹುಡುಗಿಯರ ಮಧ್ಯೆಯೇ ಓದಿದವಳು. ಬೆಂಚು ಹೊರುವುದು, ಪ್ರಾರ್ಥನೆಗೆ ಮೈಕು ಕಟ್ಟುವುದು, ಆಗಸ್ಟ್ 15ಕ್ಕೆ ಡ್ರಮ್ ಬಾರಿಸುವುದು ಎಲ್ಲಾ ನಾವೇ. ವಾರ್ಷಿಕೋತ್ಸವದ ನಾಟಕದಲ್ಲಿ ಭೀಮನೂ ನಾವೇ, ದುರ್ಯೋಧನನೂ ನಾವೇ. ಗದೆ ಹಾರಿ ಹೋಗಿ ಮುಖ್ಯ ಅತಿಥಿಗಳ ಕಾಲ ಹತ್ತಿರ ಬಿದ್ದಿತ್ತು, ಅದು ಬೇರೆ ಕಥೆ.

ವ್ಯತ್ಯಾಸ ಗೊತ್ತಾಗಿದ್ದು ಡಿಗ್ರಿಗೆ ಕೋ-ಎಡ್ ಕಾಲೇಜು ಸೇರಿದಾಗ. ಕೆಮಿಸ್ಟ್ರಿ ಲ್ಯಾಬಲ್ಲಿ ಒಂದು ಗುಂಪಿಗೆ ನಾಲ್ಕು ಜನ. ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ, ಅಂದರೆ ಬ್ಯುರೆಟ್, ಹುಡುಗರ ಕೈಯಲ್ಲಿ, ರೆಕಾರ್ಡ್ ಪುಸ್ತಕ ಹುಡುಗಿಯರ ಕೈಯಲ್ಲಿ. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ನಾನು ಹೋಗಿ ಬ್ಯುರೆಟ್ಟಿನ ಕಿವಿ ತಿರುಗಿಸಿದೆ. ಪಕ್ಕದವಳು ಮೊಣಕೈಯಲ್ಲಿ ತಿವಿದಳು, "ಅವರು ಮಾಡ್ತಾರೆ ಬಿಡೇ" ಅಂತ. ಅವಳಿಗೆ ನನಗಿಂತ ಜಾಸ್ತಿ ಅಂಕ ಬರುತ್ತಿತ್ತು. ಆದರೂ ಬಣ್ಣ ಬದಲಾಗುವ ಆ ಒಂದು ಹನಿಯನ್ನು ಅವಳು ತಾನೇ ಬಿಟ್ಟು ನೋಡಿರಲೇ ಇಲ್ಲ.

ಕಾಫಿ ಕುಡ್ಕೊಂಡು
ಆ ಶಾಲೇಲಿ ಗಣಿತಕ್ಕೆ ಯಾರಿದ್ದಾರೆ ಅಂತ ಮೊದಲು ವಿಚಾರಿಸಿ. ಹುಡುಗ, ಹುಡುಗಿ ಲೆಕ್ಕ ಆಮೇಲೆ.

ಭದ್ರಾವತಿ ಬಾಯ್ಲರ್
ಗೋಪಾಳದವರ ಮಾತು ಹುಡುಗಿಯರಿಗೆ ಸರಿ ಇರಬಹುದು. ನಾನು ಹುಡುಗರದ್ದೇ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವನು. ಯಾವುದು ಅಂತ ಹೇಳಲ್ಲ. ಆದರೆ ಅದು ಯಾರಿಗೂ ಬೇಡ ಮಾರಾಯ್ರೆ. ಬಾಯಿ ತೆರೆದರೆ ಬೈಗುಳ. ಸಣ್ಣ ಹುಡುಗರ ಬಕೆಟ್, ಸೋಪು, ಮನೆಯಿಂದ ತಂದ ಚಕ್ಕುಲಿ ಎಲ್ಲಾ ದೊಡ್ಡ ಕ್ಲಾಸಿನವರ ಆಸ್ತಿ. ಅತ್ತವನಿಗೆ "ಹೆಣ್ಣಿಗ" ಅನ್ನುವ ಹೆಸರು ಪರ್ಮನೆಂಟು. ಹಾಡುವವನಿಗೂ ಅದೇ, ಚಿತ್ರ ಬರೆಯುವವನಿಗೂ ಅದೇ.

ಇಂಜಿನಿಯರಿಂಗ್ ಸೇರಿದೆ. ಪ್ರಾಜೆಕ್ಟ್ ಗುಂಪಿನಲ್ಲಿ ಇಬ್ಬರು ಹುಡುಗಿಯರು. ಅವರಿಗೆ ಹೇಳಬೇಕಾದ್ದನ್ನೆಲ್ಲ ನಾನು ಇನ್ನೊಬ್ಬ ಹುಡುಗನಿಗೆ ಹೇಳಿ, ಅವನಿಂದ ಹೇಳಿಸುತ್ತಿದ್ದೆ. ಅವರು ಎದುರಿಗೇ ಕೂತಿದ್ದರೂ!

ಗೋಪಾಳದ ಹುಡುಗಿ
ಹಹ್ಹ, ನಮ್ಮ ಬ್ಯಾಚಲ್ಲೂ ಅಂಥವನೊಬ್ಬ ಇದ್ದ. ನಾವು ಜಂಭ ಅಂದ್ಕೊಂಡಿದ್ವಿ.

ಅಡಿಕೆ ದಬ್ಬೆ
ನಾಟಕ, ಬ್ಯುರೆಟ್ಟು ಎಲ್ಲಾ ಇರಲಿ. ಕಾಲ ಹೇಗಿದೆ ನೋಡಿ ಸ್ವಲ್ಪ. 13–14ರ ವಯಸ್ಸಲ್ಲಿ ಮಕ್ಕಳಿಗೆ ಏನು ತಿಳಿಯುತ್ತೆ? ನಮ್ಮ ಪಕ್ಕದೂರಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿ 10ನೇ ತರಗತಿಯಲ್ಲಿ ಪ್ರೀತಿ ಪ್ರೇಮ ಅಂತ ಹೋಗಿ ಓದೇ ನಿಂತುಹೋಯಿತು. ನಿಮ್ಮ ಅತ್ತೆ ಹೇಳಿದ್ದು ಸರಿ. ಹಿರಿಯರು ಸುಮ್ನೆ ಹೇಳಲ್ಲ.

ಮಳೆ ರಜೆ ಫ್ಯಾನ್
ಶಾಲೆ ಬೇರೆ ಮಾಡಿದ್ರಿ. ಇನ್‌ಸ್ಟಾಗ್ರಾಂನೂ ಬೇರೆ ಮಾಡ್ತೀರಾ?

ಅಡಿಕೆ ದಬ್ಬೆ
ಫೋನೇ ಕೊಡಲ್ಲ ನಾವು.

ಮಳೆ ರಜೆ ಫ್ಯಾನ್
ಹೋಮ್‌ವರ್ಕ್ ಬರುವುದೇ ವಾಟ್ಸಾಪಲ್ಲಿ ಸ್ವಾಮಿ.

ಸೊರಬದ ಮೇಷ್ಟ್ರು
ಸರ್ವಿಸ್ ಪೂರ್ತಿ ಹೈಸ್ಕೂಲಲ್ಲೇ ಕಳೆದು ನಿವೃತ್ತನಾದವನು ನಾನು. ಎರಡೂ ಥರದ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮಲ್ಲಿ ಕೋ-ಎಡ್ ಅನ್ನುವುದು ಬಹಳ ಕಡೆ ದಾಖಲೆಯಲ್ಲಿ ಮಾತ್ರ. ಎಡಕ್ಕೆ ಹುಡುಗಿಯರ ಸಾಲು, ಬಲಕ್ಕೆ ಹುಡುಗರ ಸಾಲು. ಹುಡುಗನಿಗೆ ನೋಟ್ಸ್ ಬೇಕಾದರೆ ಹುಡುಗಿ ತಂದು ಮೇಷ್ಟ್ರ ಟೇಬಲ್ ಮೇಲೆ ಇಡಬೇಕು, ಅವಳು ವಾಪಸ್ ಹೋಗಿ ಕೂತ ಮೇಲೆ ಅವನು ಬಂದು ತಗೊಳ್ಳಬೇಕು. ಮಾತಾಡಿದರೆ ಮಾನಿಟರ್ ಬೋರ್ಡ್ ಮೇಲೆ ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆಯುತ್ತಾನೆ. ಅಲ್ಲಿಗೆ ಮುಗೀತು, ಆ ವರ್ಷವೆಲ್ಲ ತಮಾಷೆ.

ಇನ್ನೊಂದು ಇದೆ. ಗಲಾಟೆ ಮಾಡಿದ ಹುಡುಗನಿಗೆ ಶಿಕ್ಷೆ ಏನು? ಹುಡುಗಿಯರ ಬೆಂಚಲ್ಲಿ ಕೂರಿಸುವುದು. ಇಡೀ ಕ್ಲಾಸು ನಗುತ್ತದೆ. ಅವನು ಕಿವಿ ಕೆಂಪು ಮಾಡಿಕೊಂಡು ಬೆಂಚಿನ ತುದಿಯಲ್ಲಿ ಅರ್ಧ ಕೂತಿರುತ್ತಾನೆ. ಆ ಬೆಂಚಿನ ಹುಡುಗಿಯರ ಮುಖವನ್ನು ಯಾರೂ ನೋಡುವುದಿಲ್ಲ. ತಮ್ಮ ಪಕ್ಕ ಕೂರುವುದೇ ಶಿಕ್ಷೆ ಅಂದರೆ ಅವರಿಗೆ ಏನನ್ನಿಸಬೇಕು? ಸ್ಟಾಫ್ ರೂಮಲ್ಲಿ ಇದನ್ನು ಎತ್ತಿದಾಗ ನನ್ನನ್ನೇ ನೋಡಿ ನಕ್ಕರು.

ಹಾಗಂತ ಹುಡುಗಿಯರ ಶಾಲೆಯನ್ನು ಹೀಗಳೆಯಬೇಡಿ. 1881ರಲ್ಲಿ ಮೈಸೂರಲ್ಲಿ ಮಹಾರಾಣಿ ಶಾಲೆ ಶುರುವಾದ ಕಾಲ ನೆನೆಸಿಕೊಳ್ಳಿ. ಹುಡುಗರ ಜೊತೆ ಕೂರಿಸುತ್ತೇವೆ ಅಂದಿದ್ದರೆ ಎಷ್ಟು ಮನೆಯವರು ಮಗಳನ್ನು ಕಳಿಸುತ್ತಿದ್ದರು? ಆಮೇಲೆ 1960ರ ದಶಕದಲ್ಲಿ ಹಂಸಾ ಮೆಹ್ತಾ ಸಮಿತಿ ಪ್ರಾಥಮಿಕ ಹಂತಕ್ಕೆ ಸಹ ಶಿಕ್ಷಣವೇ ಇರಲಿ ಅಂದಿತು. ನಮ್ಮ ಹಳ್ಳಿಗಳಲ್ಲಿ ಅಂತೂ ಒಂದು ಶಾಲೆಗೇ ಮಕ್ಕಳಿಲ್ಲ, ಎರಡು ಎಲ್ಲಿಂದ ಬರಬೇಕು.

ರಿಪ್ಪನ್‌ಪೇಟೆ ರೇಡಿಯೋ
ಮೇಷ್ಟ್ರೇ, ಆ ಬೆಂಚಲ್ಲಿ ನಾನೂ ಕೂತಿದ್ದೇನೆ. ನಿಜ ಹೇಳಬೇಕೆಂದರೆ ಆ ಪೀರಿಯಡ್ ಬಹಳ ಚೆನ್ನಾಗಿತ್ತು. ಜಾಮಿಟ್ರಿ ಬಾಕ್ಸಲ್ಲಿ ಎಲ್ಲಾ ಸಾಮಾನು ಇರುತ್ತದೆ ಅಂತ ಗೊತ್ತಾಗಿದ್ದೇ ಅವತ್ತು.

ಶಂಕರಘಟ್ಟ ಲೈಬ್ರರಿ
ಅಕ್ಕಾ, ನೀವು ಕೇಳಿದ್ದು ಓದಿನ ವಿಷಯ. ಅದರ ಬಗ್ಗೆ ಪ್ರಪಂಚದಲ್ಲಿ ಬೇಕಾದಷ್ಟು ಅಧ್ಯಯನ ಆಗಿದೆ. 2014ರಲ್ಲಿ ಅಮೆರಿಕದ ಮೂವರು ಸಂಶೋಧಕಿಯರು 21 ದೇಶಗಳ 184 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಎಲ್ಲಾ ಸೇರಿ ಸುಮಾರು 16 ಲಕ್ಷ ಮಕ್ಕಳ ಲೆಕ್ಕ. ಸರಿಯಾದ ಕ್ರಮದಲ್ಲಿ ಮಾಡಿದ ಅಧ್ಯಯನಗಳನ್ನು ಮಾತ್ರ ಇಟ್ಟುಕೊಂಡರೆ, ಹುಡುಗಿಯರದ್ದೇ ಅಥವಾ ಹುಡುಗರದ್ದೇ ಶಾಲೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಲಾಭ ಇದ್ದಂತೆ ಯಾಕೆ ಕಾಣುತ್ತದೆ ಅಂದರೆ, ಅಂಥ ಶಾಲೆಗಳಿಗೆ ಎಷ್ಟೋ ಕಡೆ ಆರಿಸಿ ಸೇರಿಸಿಕೊಳ್ಳುತ್ತಾರೆ. ಫೀಸು ಕಟ್ಟುವ, ಓದಿದ ತಂದೆ ತಾಯಿ ಇರುವ ಮಕ್ಕಳೇ ಜಾಸ್ತಿ. ಅವರು ಎಲ್ಲಿದ್ದರೂ ಓದುತ್ತಿದ್ದರು.

ಇದಕ್ಕೆ ಉಲ್ಟಾ ಉದಾಹರಣೆಯೂ ಒಂದಿದೆ, ಮುಚ್ಚಿಡಬಾರದು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 1974ರಿಂದ ಮಕ್ಕಳನ್ನು ಹೈಸ್ಕೂಲಿಗೆ ಲಾಟರಿ ಎತ್ತಿ ಹಂಚುತ್ತಿದ್ದರು. ಯಾರಿಗೆ ಯಾವ ಶಾಲೆ ಅನ್ನುವುದು ಅಪ್ಪ ಅಮ್ಮನ ಕೈಯಲ್ಲಿ ಇರಲಿಲ್ಲ. ಅಲ್ಲಿ ಹುಡುಗರದ್ದೇ, ಹುಡುಗಿಯರದ್ದೇ ಶಾಲೆಗೆ ಬಿದ್ದವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು ಅಂತ 2013ರ ಒಂದು ಅಧ್ಯಯನ ಹೇಳುತ್ತದೆ. ಹಾಗಾಗಿ "ಏನೂ ವ್ಯತ್ಯಾಸವೇ ಇಲ್ಲ" ಅಂತ ಕುಟ್ಟಿ ಹೇಳುವ ಹಾಗೂ ಇಲ್ಲ.

ಅಡಿಕೆ ದಬ್ಬೆ
ಅಮೆರಿಕ, ಕೊರಿಯಾ ಇಟ್ಕೊಂಡು ಮಂಡಗದ್ದೆ ಹುಡುಗಿಗೆ ಶಾಲೆ ಆರಿಸ್ತೀರಾ? ಚೆನ್ನಾಗಿದೆ.

ಶಂಕರಘಟ್ಟ ಲೈಬ್ರರಿ
ಸರಿ, ನಮ್ಮದೇ ತಗೊಳ್ಳಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದಲ್ಲಿ ಪಾಸಾದ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಉಡುಪಿ, ದಕ್ಷಿಣ ಕನ್ನಡ ಬಿಟ್ಟರೆ ನಮ್ಮ ಶಿವಮೊಗ್ಗ ಜಿಲ್ಲೆಗೇ ಮೂರನೇ ಸ್ಥಾನ. ರಾಜ್ಯದ ಹೈಸ್ಕೂಲುಗಳಲ್ಲಿ ಬಹುಪಾಲು ಇಬ್ಬರೂ ಓದುವ ಶಾಲೆಗಳೇ. ಅಲ್ಲೇ ಹುಡುಗಿಯರು ಇಷ್ಟು ಮುಂದಿದ್ದಾರೆ. ಹುಡುಗರ ಜೊತೆ ಕೂತರೆ ಹುಡುಗಿಯರ ಓದು ಹಾಳಾಗುತ್ತದೆ ಅನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ.

ಭದ್ರಾವತಿ ಬಾಯ್ಲರ್
ಹಾಗಾದರೆ ಚಿಂತೆ ಮಾಡಬೇಕಿರುವುದು ಮಗನ ಬಗ್ಗೆ ಅಲ್ವಾ? ಮೂರರಲ್ಲಿ ಒಬ್ಬ ಹುಡುಗ ಫೇಲು. ಇಲ್ಲಿ ಎಲ್ಲರೂ ಮಗಳ ಬಗ್ಗೆಯೇ ಮಾತಾಡುತ್ತಿದ್ದೀವಿ.

ಕಾಫಿ ಕುಡ್ಕೊಂಡು
👆 ಇದು ಪಾಯಿಂಟು.

ಹೊಸನಗರದ ಟೀಚರ್
ಅಂಕಿ ಅಂಶ ಪಾಸಾದವರದ್ದು. ಪರೀಕ್ಷೆಗೇ ಬಾರದವರ ಲೆಕ್ಕ ಅದರಲ್ಲಿ ಇರಲ್ಲ. ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ. ಕೆಲವು ಮನೆಗಳಲ್ಲಿ ಹುಡುಗಿಯರದ್ದೇ ಶಾಲೆ ಅಥವಾ ಹಾಸ್ಟೆಲ್ ಇದ್ದರೆ ಮಾತ್ರ 8ನೇ ತರಗತಿ. ಇಲ್ಲದಿದ್ದರೆ 7ಕ್ಕೇ ಮಂಗಳ. ಅಂಥ ಅಪ್ಪನ ಹತ್ತಿರ ಸಮಾನತೆ, ಸಹ ಶಿಕ್ಷಣ ಅಂತ ವಾದ ಮಾಡಿ ನಾನು ಗೆದ್ದರೂ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಓದು ಬಿಟ್ಟ ಹೆಣ್ಣುಮಕ್ಕಳಿಗೇ ಅಂತ 2004ರಲ್ಲಿ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ ಶುರು ಮಾಡಿದ್ದು ಇದೇ ಕಾರಣಕ್ಕೆ.

ಅಕ್ಕಾ, ನಿಮ್ಮ ವಿಷಯಕ್ಕೆ ಬಂದರೆ, ನೀವು ಎರಡೂ ಶಾಲೆಗೆ ಒಮ್ಮೆ ಹೋಗಿ. ಸೀದಾ ಶೌಚಾಲಯ ನೋಡಿ. ನಾಚಿಕೊಳ್ಳಬೇಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ನೀರು ಬರುತ್ತಾ, ಪ್ಯಾಡ್ ಹಾಕಲು ಡಬ್ಬಿ ಇದೆಯಾ, ಹುಡುಗರ ಕಡೆಯಿಂದ ದಾರಿ ಬೇರೆ ಇದೆಯಾ. ನನ್ನ ಕ್ಲಾಸಲ್ಲೇ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಎಲ್ಲರೂ ಗಟಗಟ ಕುಡಿದರೆ ಇವರು ಬಾಯಿ ಒದ್ದೆ ಮಾಡಿಕೊಂಡು ಲೋಟ ಇಡುತ್ತಾರೆ. ಕಾರಣ ಕೇಳಿದರೆ ಬಾಯಿ ಬಿಡಲ್ಲ. ಚಿಲಕ ಹಾಕಿಸಿದ ವಾರವೇ ಬಾಟಲಿ ತರಲು ಶುರು ಮಾಡಿದರು.

ಸೊರಬದ ಮೇಷ್ಟ್ರು
ಟೀಚರಮ್ಮ ಹೇಳಿದ ಹಾಗೇ ಮಾಡಿ. ಹೆಡ್‌ಮಾಸ್ಟರ್ ರೂಮಲ್ಲಿ ಕೂತು ಟೀ ಕುಡಿದು ಬಂದರೆ ಏನೂ ಗೊತ್ತಾಗಲ್ಲ.

ಹೊಳೆಬಾಗಿಲು
ನಾನು ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವಳು. ನಮಗೆ ಕೋ-ಎಡ್ಡೋ ಇನ್ನೊಂದೋ ಅಂತ ಯೋಚಿಸುವ ಭಾಗ್ಯವೇ ಇರಲಿಲ್ಲ. ಊರಲ್ಲಿ ಇದ್ದದ್ದು ಓದಬೇಕು, ಮುಂದಕ್ಕೆ ಅಂದರೆ ಸಾಗರ. ಸಾಗರ ಅಂದರೆ ಲಾಂಚು. ಸಂಜೆ ಕೊನೆ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ಉಳಿಯಬೇಕು. ನನ್ನ ಜೊತೆಯ ಹುಡುಗರು ತಪ್ಪಿಸಿಕೊಂಡರೆ ಯಾರದೋ ಅಂಗಡಿ ಜಗಲಿಯಲ್ಲಿ ಮಲಗಿ ಬೆಳಿಗ್ಗೆ ನಗುತ್ತಾ ಬರುತ್ತಿದ್ದರು. ನಾನು ಒಮ್ಮೆ ತಪ್ಪಿಸಿಕೊಂಡಿದ್ದಕ್ಕೆ ಮನೆಯಲ್ಲಿ ಕಾಲೇಜು ಬಿಡಿಸುವ ಮಾತೇ ಬಂತು. ಸಾಗರದ ಹುಡುಗಿಯರ ಕಾಲೇಜಲ್ಲಿ ಓದಿದರೂ ಅದೇ ಲಾಂಚು, ಇನ್ನೊಂದರಲ್ಲಿ ಓದಿದರೂ ಅದೇ ಲಾಂಚು.

ಈಗ 2025ರ ಜುಲೈಯಿಂದ ಸಿಗಂದೂರು ಸೇತುವೆ ಇದೆ. ನನ್ನ ತಂಗಿ ಮಗಳು ಬಸ್ಸಲ್ಲಿ ಹೋಗಿ ಬರುತ್ತಾಳೆ. ಅವಳು ಓದುವುದು ಯಾವ ಥರದ ಕಾಲೇಜು ಅಂತ ನಮ್ಮ ಅಮ್ಮ ಇದುವರೆಗೆ ಕೇಳಿಲ್ಲ. ಎಷ್ಟು ಹೊತ್ತಿಗೆ ಮನೆಗೆ ಬರ್ತಾಳೆ ಅಂತ ಮಾತ್ರ ಕೇಳುತ್ತಾರೆ.

ಕೊಪ್ಪದ ಕಂಡಕ್ಟರ್
ಬಸ್ಸಿನ ವಿಷಯ ಬಂತು ಅಂತ ಹೇಳ್ತೀನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಫ್ರೀ. ಆದರೆ ಅದು ಸರ್ಕಾರಿ ಬಸ್ಸಲ್ಲಿ. ಮಲೆನಾಡಿನ ಒಳ ರಸ್ತೆಗಳಲ್ಲಿ ಓಡುವುದು ಹೆಚ್ಚಿಗೆ ಖಾಸಗಿ ಬಸ್ಸು. ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ ಬಸ್ಸು ನಿಂತ ಮೇಲೆ ನಮ್ಮ ಕಡೆ ಮಕ್ಕಳ ಪಾಡು ಕೇಳಬೇಡಿ.

ಮಳೆ ರಜೆ ಫ್ಯಾನ್
ಸಹಕಾರ ಸಾರಿಗೆ!! ನೆನಪು ಮಾಡಬೇಡಿ ಸಾರ್, ಅಳು ಬರುತ್ತೆ.

ರಿಪ್ಪನ್‌ಪೇಟೆ ರೇಡಿಯೋ
ಸರ್ಕಾರದ ಸೈಕಲ್ ನೆನಪಿದೆಯಾ? 2006–07ರಲ್ಲಿ ಶುರುವಾಗಿದ್ದು, 8ನೇ ತರಗತಿಗೆ. ಬಯಲುಸೀಮೆಯಲ್ಲಿ ತುಳಿದುಕೊಂಡು ಹೋದರು. ನಾವು ಗುಡ್ಡ ಹತ್ತುವಾಗ ಅದನ್ನು ತಳ್ಳಿಕೊಂಡು ಹೋದೆವು. ಆದರೂ ನಮ್ಮ ಅಕ್ಕ ಮೊದಲ ಸಲ ಒಬ್ಬಳೇ ಪೇಟೆಗೆ ಹೋಗಿ ಬಂದಿದ್ದು ಅದರಲ್ಲೇ.

ಎಲೆಚುಕ್ಕಿ
ಇಳಿಜಾರಲ್ಲಿ ಬ್ರೇಕ್ ಹಿಡಿಯದೆ ನಮ್ಮ ಗದ್ದೆಗೇ ಇಳಿದವರು ಎಷ್ಟು ಜನವೋ. ಅಂದ ಹಾಗೆ ತೀರ್ಥಹಳ್ಳಿ ಕಡೆ ತೋಟದಲ್ಲಿ ಈ ವರ್ಷ ಎಲೆಚುಕ್ಕಿ ಹೇಗಿದೆ?

ಕಾಫಿ ಕುಡ್ಕೊಂಡು
ನಿಮ್ಮ ಹೆಸರಲ್ಲೇ ರೋಗ ಇಟ್ಕೊಂಡು ನಮ್ಮನ್ನ ಕೇಳ್ತೀರಲ್ಲ. ವಿಷಯಕ್ಕೆ ಬನ್ನಿ.

ತುಂಗಾತೀರದ ಅಮ್ಮ
ಇಷ್ಟೊಂದು ಜನ ಬರೆದಿದ್ದೀರಿ, ಎಲ್ಲಾ ಓದಿದೆ. ಮಗಳಿಗೂ ಓದಿಸಿದೆ. ಬ್ಯುರೆಟ್ ಕಥೆ ಓದಿ, "ನಮ್ಮ ಶಾಲೇಲೂ ಹಾಗೇ ಅಮ್ಮ, ಗ್ಲೋಬ್ ಮುಟ್ಟೋದು ಹುಡುಗ್ರು, ಒರೆಸಿಡೋದು ನಾವು" ಅಂದಳು. ಇದು ನನಗೆ ಗೊತ್ತೇ ಇರಲಿಲ್ಲ.

ಕೆಲವರು ಕೇಳಿದ್ದಕ್ಕೆ ಹೇಳುತ್ತೇನೆ. ಹತ್ತಿರದ ಹೈಸ್ಕೂಲಿನಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕರು, ಜೂನ್ ಕಳೆದ ಮೇಲೆ ಬರುತ್ತಾರೆ. ಶಿವಮೊಗ್ಗದ ಶಾಲೆಯಲ್ಲಿ ಎಲ್ಲಾ ವಿಷಯಕ್ಕೂ ಕಾಯಂ ಇದ್ದಾರಂತೆ. ಹಾಗಾಗಿ ಅತ್ತೆ ಹೇಳುವುದರಲ್ಲಿ ಓದಿನ ಲೆಕ್ಕದಲ್ಲಿ ಹುರುಳಿದೆ. ಆದರೆ ಅವರು ಹೇಳುತ್ತಿರುವುದು ಆ ಕಾರಣಕ್ಕಲ್ಲ.

ಗೋಪಾಳದ ಹುಡುಗಿ
ಹಾಗಿದ್ರೆ ಮಗನಿಗೆ ಗಣಿತ ಬೇಡ್ವಾ ಅಕ್ಕಾ? ಇಬ್ಬರನ್ನೂ ಶಿವಮೊಗ್ಗದಲ್ಲಿ ಬೇರೆ ಬೇರೆ ಶಾಲೆಗೆ ಹಾಕಿ. ಒಂದೇ ಮನೆಯಲ್ಲಿ ಇರ್ತಾರೆ, ಮಗಳಿಗೂ ಬೇಜಾರಿರಲ್ಲ.

ಅಡಿಕೆ ದಬ್ಬೆ
ಹುಡುಗ ಮನೇಲಿ ಬೇಕಾಗುತ್ತೆ. ಅಡಿಕೆ ಕೊನೆಗೊಯ್ಲು ಶುರುವಾದರೆ ಆಳು ಎಲ್ಲಿ ಸಿಗ್ತಾರೆ? ಶಾಲೆ ಬಿಟ್ಟು ಬಂದು ಒಂದಿಷ್ಟು ಕೈಗೂಡಿಸ್ತಾನೆ.

ಭದ್ರಾವತಿ ಬಾಯ್ಲರ್
ಅಲ್ಲಿಗೆ ಬಂತು ನೋಡಿ ವಿಷಯ. ಹುಡುಗಿಯನ್ನು ಹುಡುಗರಿಂದ ದೂರ ಇಡಬೇಕು, ಹುಡುಗನನ್ನು ತೋಟದ ಹತ್ತಿರ ಇಡಬೇಕು. ಇದರಲ್ಲಿ ಶಾಲೆ ಎಲ್ಲಿದೆ?

ಅಡಿಕೆ ದಬ್ಬೆ
ತೋಟ ಇಲ್ಲದವರಿಗೆ ಹೇಳೋದು ಸುಲಭ. ಅದರ ದುಡ್ಡಲ್ಲೇ ಅಲ್ವಾ ಫೀಸು ಕಟ್ಟೋದು?

ಹೊಸನಗರದ ಟೀಚರ್
ದಬ್ಬೆಯವರ ಮಾತು ತಳ್ಳಿಹಾಕಬೇಡಿ. ಸುಗ್ಗಿ ಕಾಲದಲ್ಲಿ ನನ್ನ ಕ್ಲಾಸಲ್ಲಿ ಹುಡುಗರ ಹಾಜರಿ ಕಡಿಮೆಯಾಗುವುದು ನಿಜ. ಹುಡುಗಿಯರೂ ರಾತ್ರಿ ಅಡಿಕೆ ಸುಲಿದು ಬೆಳಿಗ್ಗೆ ಕಪ್ಪಾದ ಬೆರಳಲ್ಲಿ ಬರುತ್ತಾರೆ, ಆದರೆ ಬರುತ್ತಾರೆ. ಫಲಿತಾಂಶದ ಆ ಅಂತರಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಮಳೆ ರಜೆ ಫ್ಯಾನ್
ಕೇರಳದಲ್ಲಿ ಎಲ್ಲಾ ಶಾಲೆಗಳನ್ನೂ ಕೋ-ಎಡ್ ಮಾಡಿಬಿಟ್ಟಿದ್ದಾರೆ. ನಮ್ಮಲ್ಲೂ ಒಂದೇ ಆದೇಶ ಹೊರಡಿಸಿದರೆ ಈ ರಗಳೆಯೇ ಇರಲ್ಲ.

ಶಂಕರಘಟ್ಟ ಲೈಬ್ರರಿ
ಪೂರ್ತಿ ಸರಿಯಲ್ಲ. 2022ರ ಜುಲೈಯಲ್ಲಿ ಅಲ್ಲಿನ ಮಕ್ಕಳ ಹಕ್ಕುಗಳ ಆಯೋಗ ಹುಡುಗರದ್ದೇ, ಹುಡುಗಿಯರದ್ದೇ ಶಾಲೆ ಬೇಡ, 2023–24ರಿಂದ ಎಲ್ಲಾ ಮಿಶ್ರ ಮಾಡಿ ಅಂತ ಹೇಳಿದ್ದು ಹೌದು. ಸರ್ಕಾರ ಮಾತ್ರ ಒಂದೇ ಏಟಿಗೆ ಮಾಡಲ್ಲ, ಪೋಷಕರ ಸಂಘ, ಸ್ಥಳೀಯ ಸಂಸ್ಥೆ ಒಪ್ಪಿದ ಕಡೆ ಮಾಡುತ್ತೇವೆ ಅಂದಿತು. ಆದೇಶದಿಂದ ಬೋರ್ಡು ಬದಲಾಗುತ್ತದೆ. ಮೇಷ್ಟ್ರು ಹೇಳಿದ ಶಿಕ್ಷೆಯ ಬೆಂಚು ಅಲ್ಲೇ ಇರುತ್ತದೆ.

ಸೊರಬದ ಮೇಷ್ಟ್ರು
ಸೈನಿಕ ಶಾಲೆಗಳನ್ನೇ ನೋಡಿ. ದಶಕಗಟ್ಟಲೆ ಹುಡುಗರಿಗೆ ಮಾತ್ರ ಅಂತಿದ್ದವು. 2021–22ರಿಂದ ದೇಶದ ಎಲ್ಲಾ ಸೈನಿಕ ಶಾಲೆಗಳಲ್ಲೂ ಹುಡುಗಿಯರಿಗೆ ಪ್ರವೇಶ ಇದೆ. ನಮ್ಮ ಕಿತ್ತೂರಲ್ಲಿ ಹುಡುಗಿಯರದ್ದೇ ಸೈನಿಕ ಶಾಲೆ 1969ರಿಂದ ಇದೆ. ಎರಡೂ ಇರಲಿ ಬಿಡಿ, ಯಾರಿಗೆ ಯಾವುದು ಹೊಂದುತ್ತೋ.

ಎಲೆಚುಕ್ಕಿ
ಮಗಳಿಗೆ ಏನು ಬೇಕು ಅಂತ ಕೇಳಿದ್ದೀರಾ?

ತುಂಗಾತೀರದ ಅಮ್ಮ
ಕೇಳಿದೆ. ಹುಡುಗಿಯರ ಶಾಲೆ ಪರವಾಗಿಲ್ಲ, ಶಿವಮೊಗ್ಗದ ಅತ್ತೆ ಮನೆ ಬೇಡ ಅಂತಾಳೆ. ಮಗನನ್ನು ಕೇಳಿದರೆ ಅವಳು ಹೋದ ಕಡೆ ನಾನೂ ಅಂತಾನೆ. ಇಬ್ಬರಿಗೂ ಜಗಳ ಆಡಲು ಇನ್ನೊಬ್ಬರು ಬೇಕು ಅಷ್ಟೆ. ಈ ಶನಿವಾರ ಎರಡೂ ಶಾಲೆ ನೋಡಲು ಹೋಗುತ್ತೇನೆ. ನಮ್ಮ ಯಜಮಾನರನ್ನೂ ಎಳೆದುಕೊಂಡು ಹೋಗುತ್ತೇನೆ.

ಕೊಪ್ಪದ ಕಂಡಕ್ಟರ್
ಗಾಜನೂರು ನಿಮ್ಮ ದಾರಿಯಲ್ಲೇ ಸಿಗುತ್ತಲ್ಲ ಅಮ್ಮ, ಅಲ್ಲಿ ನವೋದಯ ವಸತಿ ಶಾಲೆ ಇದೆ. ಹುಡುಗ ಹುಡುಗಿ ಒಂದೇ ಕ್ಲಾಸು, ಹಾಸ್ಟೆಲ್ ಮಾತ್ರ ಬೇರೆ ಬೇರೆ. ನಿಮ್ಮ ಅತ್ತೆಯವರೂ ಒಪ್ಪಬಹುದು.

ತುಂಗಾತೀರದ ಅಮ್ಮ
ಅದಕ್ಕೆ 5ನೇ ತರಗತಿಯಲ್ಲಿ ಇರುವಾಗಲೇ ಪರೀಕ್ಷೆ ಬರೀಬೇಕಿತ್ತು. ಆ ಸಲ ಇಬ್ಬರಿಗೂ ಸಿಗಲಿಲ್ಲ ಅಣ್ಣ.

ಹೊಸನಗರದ ಟೀಚರ್
6ಕ್ಕೆ ಮಾತ್ರ ಅಲ್ಲ, 9ನೇ ತರಗತಿಗೂ ತಗೊಳ್ಳುತ್ತಾರೆ. ಖಾಲಿ ಬಿದ್ದ ಸೀಟು ಮಾತ್ರ, ಅದಕ್ಕೆ ಬೇರೆ ಪರೀಕ್ಷೆ. 8ನೇ ತರಗತಿಯನ್ನು ನಮ್ಮ ಜಿಲ್ಲೆಯಲ್ಲೇ ಓದುತ್ತಿರಬೇಕು. ಅಂದರೆ ಈ ಜೂನ್‌ನಲ್ಲಿ ಇಬ್ಬರನ್ನೂ ಎಲ್ಲಿ ಸೇರಿಸಿದರೂ ಅಡ್ಡಿಯಿಲ್ಲ. ಇಬ್ಬರ ಕೈಯಲ್ಲೂ ಬರೆಸಿ, ಒಬ್ಬರ ಕೈಯಲ್ಲಿ ಅಲ್ಲ.